ಮಿರಗದ ದಾರ

ಹೋದ ವಾರ ನಮ್ಮ ಮಗಳು ಅಟ್ಟ ಹಸನ ಮಾಡಾಕ ಹತ್ತಿದ್ಲು. ಅಟ್ಟ ಅಂದ್ರ ನನ್ನ ಲೆಕ್ಕದಾಗ ಕೆದಕಬಾರದ ಜಾಗ. ಅಲ್ಲಿ ಇಟ್ಟ ಸಾಮಾನಾ ನಾ ಮರತಿರತೀನಿ, ಅವೂ ನನ್ನ ಮರತಿರತಾವು, ಇಬ್ಬರೂ ಆರಾಮ ಇರತೀವಿ. ಆದ್ರ ಈಗಿನ ಹುಡುಗೂರಿಗೆ ಆರಾಮ ಇದ್ದದ್ದು ನೋಡಾಕ ಆಗಂಗಿಲ್ಲ. ಆಕಿ ಧೂಳದಾಗಿಂದ ಒಂದ ಕಟಗಿ ಬಟ್ಟಲಾ ಎಳದು ತಗದು, ಹೊಳ್ಳಿಸಿ ನೋಡಿ, ತಳದಾಗ ತೂತ ಬಿದ್ದಾವು, ಒಗದ ಬಿಡ್ಲೇನು ಅಂತ ಕೇಳಿದ್ಲು.

ತೂತ ಬಿದ್ದಿಲ್ಲ, ಹಾಕ್ಯಾರ ಅಂದೆ. ಅದು ಕೂರಿಗಿ ಬಟ್ಟಲಾ. ಎತ್ತು ಕೂರಿಗಿ ಎಳಕೋತ ಮುಂದ ಹೊಂಟ್ರ, ಹಿಂದ ಒಬ್ಬ ಹೆಣಮಗಳು ಉಡಿತುಂಬ ಬೀಜಾ ಕಟಗೊಂಡು ನಡೀತಾಳ. ಮುಟಗಿಲೆ ಹಿಡಿ ಹಿಡಿ ಬೀಜಾ ಈ ಬಟ್ಟಲದಾಗ ಸೋರಬಿಡತಾಳ. ಬೀಜಾ ಆ ತೂತಿನಾಗಿಂದ ಬಿದರಿನ ಕೊಳವಿ ಹಿಡದು ಸೀದಾ ನೆಲಕ್ಕ ಇಳೀತಾವು. ಕೈ ಗಡಬಡ ಮಾಡಿದ್ರ ಒಂದ ಕಡೆ ದಟ್ಟ, ಕೈ ಮೈಮರತ್ರ ಇನ್ನೊಂದ ಕಡೆ ಬೋಳ. ಮಗಳು ಎಲ್ಲಾ ಕೇಳಿ, ಹಂಗಾರ ಕೊತ್ತಂಬರಿ ಹಚ್ಚಾಕ ಭಾಳ ಚಲೋ ಆತು, ನೀರ ನಿಂದರಂಗಿಲ್ಲ ಅಂದ್ಲು. ಆಮ್ಯಾಲ ಬಟ್ಟಲದ ಕೊಳ್ಳಿಗೆ ಸುತ್ತಿದ್ದ ದಾರಾ ತೋರಿಸಿ, ಈ ಕರೀ ದಾರ ಯಾಕ ಕಟ್ಟೀರಿ, ಬಟ್ಟಲಕ್ಕೂ ದೃಷ್ಟಿ ಆಗತೈತೇನು ಅಂತ ನಕ್ಲು.

ಅದು ಕರೀ ದಾರ ಅಲ್ಲ, ಹಳದಿ. ಅರಿಷಿಣದ ದಾರ. ಹಳದಿ ಇದ್ದದ್ದು ಕರೀದ ಆಗೂತನಾ ಅದು ನನ್ನ ಮುಂಗೈ ಮ್ಯಾಲ ಕುಂತಿತ್ತು ಅಂದ್ರ ಆಕಿ ಎಲ್ಲಿ ನಂಬಬೇಕು. ನೀವರ ಕುಂದರ್ರಿ, ನಿಮಗ ಹೇಳತೀನಿ.

ನನ್ನ ತವರು ಯಡೂರು. ಕೃಷ್ಣಾ ಹೊಳಿ ದಂಡಿ. ನಾವು ಮಳಿ ಬಂತೇನು ಅಂತ ಮುಗಲ ನೋಡೂ ಮಂದಿ ಅಲ್ಲ; ಹೊಳಿ ಎಷ್ಟ ಏರಿತು ಅಂತ ಘಾಟಿನ ಪಾವಟಿಗಿ ನೋಡೂ ಮಂದಿ. ಹೊಳಿಗೆ ನೀರ ಬರಾಕ ನಮ್ಮೂರಾಗ ಮಳಿ ಆಗಬೇಕಂತ ಏನಿಲ್ಲ. ದೂರ ಮಹಾರಾಷ್ಟ್ರದ ಘಟ್ಟದಾಗ ಹೊಡದ್ರ ಸಾಕು. ನಮ್ಮ ಅಂಗಳದಾಗ ಅರಿವಿ ಒಣಗಾಕತ್ತಿರತಾವು, ಹಿತ್ತಲದಾಗ ಹೊಳಿ ತುಂಬಿ ಕಬ್ಬಿನ ಬುಡಕ್ಕ ಬಂದ ನಿಂತಿರತೈತಿ. ಇಂಥಾ ಊರಾಗ ಬೆಳದ ನನ್ನ, ಎಂಬತ್ತರ ಸುರುವಿನಾಗ, ಮುಗಳಖೋಡದ ಆಚಿ ಒಂದ ಮಡ್ಡಿ ಊರಿಗೆ ಕೊಟ್ರು. ಮಡ್ಡಿ ಅಂದ್ರ ದಿಬ್ಬದ ಹೊಲ, ಕಲ್ಲ ಜಾಸ್ತಿ, ಮಣ್ಣ ಕಡಿಮಿ. ಹೊಳಿ ಇಲ್ಲ, ಕಾಲುವಿ ನೀರ ಅಷ್ಟ ಮ್ಯಾಲ ಏರಂಗಿಲ್ಲ. ಮುಗಲ ಕೊಟ್ರ ಉಣ್ಣೂದು.

ನನ್ನ ನೋಡಾಕ ಬಂದಾಗ ನಮ್ಮತ್ತಿ ಸತ್ತೆವ್ವ ನನ್ನ ಮಾರಿ ನೋಡಲೇ ಇಲ್ಲ. ಹಾಡ ಬರತೈತೇನು, ಅಡಗಿ ಬರತೈತೇನು ಅಂತ ಒಂದ ಮಾತ ಕೇಳಲಿಲ್ಲ. ಸೆರಗಿನ ಗಂಟ ಬಿಚ್ಚಿ ಹಿಡಿ ಸಜ್ಜಿ ತಗದು ನನ್ನ ಬಲಗೈಯಾಗ ಸುರುವಿ, ಮುಟಗಿ ಮಾಡಿ ಸಾವಕಾಶ ಬಿಡು ಅಂದ್ಲು. ನನಗ ಗಾಬರಿ. ಗಾಬರಿಗೆ ಅಂಗೈ ಬೆವತು, ಸಜ್ಜಿ ಕೈಗೆ ಅಂಟಕೊಂಡು, ಒಂದೊಂದ ಕಾಳ ನಾಚಿಕೋತ ಉದುರಿದ್ವು. ಹುಡುಗಿ ಕೈ ಚಲೋ ಐತಿ, ಬೀಜಾ ಪೋಲ ಮಾಡಂಗಿಲ್ಲ ಅಂತ ಆಕಿ ಅಲ್ಲೇ ಒಪ್ಪಿಬಿಟ್ಲು. ನನ್ನ ಮದುವಿ ಆದದ್ದು ಬೆವರಿನ ಪುಣ್ಯಾದಿಂದ. ಇದನ್ನ ಹೇಳಿದ್ರ ನಮ್ಮ ಮನಿಯವರು ಇವತ್ತಿಗೂ ಸಿಟ್ಟ ಮಾಡತಾರ. ಎಲ್ಲಾ ತಮ್ಮ ಮಾರಿ ನೋಡಿ ಕೂಡಿ ಬಂದದ್ದು ಅಂತ ಅವರ ತಿಳುವಳಿಕಿ.

ಆಕಿಗೆ ಒಂದ ಕೈ ಬೇಕಾಗಿತ್ತು, ಅದಕ್ಕ ಹಂಗ ನೋಡಿದ್ಲು. ಬಟ್ಟಲಾ ಹಿಡಿಯೂ ಕೈ ಮುತ್ತೈದಿದ ಇರಬೇಕು ಅನ್ನೂದು ಆ ಮನಿ ಪದ್ಧತಿ. ನಮ್ಮ ಮಾವ ಇರೂತನಾ ಅತ್ತಿನ ಬಿತ್ತತಿದ್ಲಂತ. ಆಕಿ ಕೈಲೆ ಬಿತ್ತಿದ ಸಾಲ ಹೆಣ್ಣಿನ ಬೈತಲಿ ತಗದಂಗ ಇರತಿದ್ವು ಅಂತ ಊರಾಗ ಹೆಸರಾಗಿತ್ತು. ಮಾವ ತೀರಿಕೊಂಡ ಮ್ಯಾಲ ಆಕಿ ಬಟ್ಟಲಾ ಮುಟ್ಟಲಿಲ್ಲ. ನಾ ಬರೂತನಾ ಮಗ್ಗಲ ಹೊಲದಾಕಿನ ಕರದು ಬಿತ್ತಿಸಿಕೊಂಡಿದ್ಲು.

ಇನ್ನ ದಾರದ ಮಾತು. ಮಿರಗ ಕೂಡೂ ದಿನಾ, ಅಂದ್ರ ಜೂನದಾಗ ಮೃಗಶಿರಾ ಮಳಿ ಸುರು ಆಗಬೇಕಾದ ದಿನಾ, ಎಲ್ಲಾರೂ ಬೆಲ್ಲದಾಗ ಇಂಗು ಇಟಗೊಂಡು ನುಂಗಬೇಕು. ಕೂರಿಗಿಗೆ ಸುಣ್ಣ ಕೆಮ್ಮಣ್ಣ ಬಳದು ಪೂಜಿ ಮಾಡಬೇಕು. ಬಿತ್ತಾಕಿ ಬಲಗೈಗೆ ಅರಿಷಿಣದ ದಾರ ಕಟ್ಟಬೇಕು. ದಾರ ಕಟ್ಟಿದ ಮ್ಯಾಲ ಕೈ ಬದಲಿ ಮಾಡಬಾರದು. ಸುರು ಮಾಡಿದ ಕೈನ ಮುಗಸಬೇಕು. ಬಿತ್ತಿಗಿ ಮುಗಿಯೂತನಾ ದಾರ ಬಿಚ್ಚಬಾರದು. ಮತ್ತ, ಇದು ನನ್ನ ಎದಿಗೆ ನಾಟಿದ್ದು, ದಾರ ಇದ್ದ ಕೈ ಊರ ಸೀಮಿ ದಾಟಬಾರದು.

ಮೊದಲಿನ ಒಂದೆರಡ ವರ್ಷ ಇದೇನ ದೊಡ್ಡ ಮಾತ ಅನಸಲಿಲ್ಲ. ದಾರ ಕಟ್ಟಿದ ಬೆನ್ನಿಗೇ ಮಳಿ ಬರತಿತ್ತು. ಹೆಸರು, ಸಜ್ಜಿ, ನಡುವ ತೊಗರಿ, ಎಲ್ಲಾ ಬಿತ್ತಿ ಮುಗದು, ದಾರದ ಹಳದಿ ಇನ್ನೂ ಮಾಸಿರತಿದ್ದಿಲ್ಲ, ಬಿಚ್ಚಿ ಬಟ್ಟಲಕ್ಕ ಸುತ್ತತಿದ್ವಿ. ನಾ ಬಿತ್ತುಮುಂದ ಅತ್ತಿ ಬದುವಿನ ಮ್ಯಾಲ ನಿಂತು ನೋಡಾಕಿ. ನೋಡೂದಷ್ಟ ಅಲ್ಲ, ಆಕಿ ಬಲಗೈ ಬೆರಳು ಸುಮ್ಮನ ಮುಚ್ಚತಿದ್ವು, ತೆರೀತಿದ್ವು. ನನ್ನ ತಪ್ಪ ಎಣಸಾಕತ್ತಾಳ ಅಂತ ತಿಳದು ನಾ ಒಳಗೊಳಗ ಉರಕೊಂತಿದ್ದೆ. ಮುಂದ ಪಂಚಮಿಗೆ ನಮ್ಮಣ್ಣ ಕರಿಯಾಕ ಬರತಿದ್ದ, ನಾ ಯಡೂರಿಗೆ ಹೋಗಿ ಜೋಕಾಲಿ ಆಡಿ, ಅವ್ವ ಮಾಡಿದ ಶೇಂಗಾ ಉಂಡಿ, ಎಳ್ಳ ಉಂಡಿ ಹೊಟ್ಟಿ ಬಿರಿಯೂಹಂಗ ತಿಂದು ಬರತಿದ್ದೆ. ತಿರುಗಿ ಬರೂದರಾಗ ಹೆಸರು ಕಾಯಿ ಹಿಡದಿರತಿತ್ತು.

ಆಮ್ಯಾಲ ಮಳಿ ಸರೀತು. ಒಮ್ಮಿಗೇ ಸರದಿದ್ರ ಗೊತ್ತಾಗತಿತ್ತು. ಮನ್ಯಾಗ ವಯಸ್ಸಾದಾಕಿ ಒಂದೊಂದ ದಿನಾ ಒಂಚೂರ ತಡಾ ಮಾಡಿ ಏಳಾಕ ಹತ್ತಿದಂಗ ಆತು. ಇವತ್ತ ಮೈ ಸರಿ ಇಲ್ಲೇನೋ ಅಂತೀವಿ, ನಾಳೆ ಸರಿಹೋಗತೈತಿ ಅಂತೀವಿ. ಮಿರಗ ಒಣಾ ಹೋತು. ಆರಿದ್ರಾದಾಗ ನಾಕ ಹನಿ ಬಿದ್ದು ಮಣ್ಣಿನ ವಾಸನಿ ಎಬ್ಬಿಸಿ ಆಸೆ ಹಚ್ಚಿ ಹೋತು. ನಮ್ಮ ಕಡೆ ಮರಾಠಿ ಮಂದಿ ಪುನರ್ವಸು ಮಳಿಗೆ ಹರೇದವನ ಮಳಿ ಅಂತಾರ, ಪುಷ್ಯಾ ಮಳಿಗೆ ಮುದುಕನ ಮಳಿ ಅಂತಾರ. ಹರೇದವ ಎಲ್ಲಿ ಹೋದನೋ ಏನೋ, ಬರಬರತ ನಮಗ ಮುದುಕನ ಕಾಯಂ ಆದ. ಮಿರಗದಾಗ ಬಿತ್ತಿದ್ರ ಬರೂ ಹೆಸರು ಮುದುಕನ ಕೈಯಾಗ ಬರಂಗಿಲ್ಲ. ಹೆಸರು ಬಿತ್ತೂದ ಬಿಟ್ವಿ. ತಡಾ ಬಿತ್ತಿದ ಸಜ್ಜಿ ತಡಾ ತೆನಿ ಬಿಡತಿತ್ತು. ಕಟಾವು ಮಾಡಿ ಕಣಕ್ಕ ಹಾಕೂ ಹೊತ್ತಿಗೆ ಹಸ್ತಾ ಮಳಿ ಬಂದು ತೆನಿ ಮೊಳಕಿ ಒಡಿಯೂದು. ಬೇಕಾದಾಗ ಬಾರದ್ದು, ಬ್ಯಾಡಂದಾಗ ಬಂದು ಕೂಡತಿತ್ತು. ಹೊಲಾ ತೆರವಾಗದ ಬಿಳಿಜೋಳ ಬಿತ್ತೂದು ಹಿಂದ ಬೀಳತಿತ್ತು. ಒಂದ ಸರದ್ರ ಎಲ್ಲಾ ಸರೀಬೇಕು.

ಆದ್ರ ನಮ್ಮತ್ತಿ ಸರದಾಕಿ ಅಲ್ಲ. ಮಿರಗ ಅಂದ್ರ ಮಿರಗ. ಯುಗಾದಿ ದಿನಾ ಪಂಚಾಂಗ ಕೇಳಿ ಬರಾಕಿ. ಅದರಾಗ ಒಂದೊಂದ ಮಳಿಗೆ ಒಂದೊಂದ ವಾಹನ ಇರತೈತಿ, ಕಪ್ಪಿ, ಕೋಣ, ಆನಿ ಆದ್ರ ಮಳಿ ಜೋರು. ನರಿ, ಕತ್ತಿ ಆದ್ರ ಕಡಿಮಿ. ಈ ಸಲ ಮಿರಗಕ್ಕ ಕಪ್ಪಿ ಐತಿ ಅಂತ ಆಕಿ ಬೀಗಿಕೋತ ಬಂದು ನನ್ನ ಕೈಗೆ ದಾರ ಬಿಗೀತಿದ್ಲು. ಕಪ್ಪಿ ಕುಂಟ ಇತ್ತೋ, ದಾರಿ ತಪ್ಪಿ ಯಡೂರ ಹೊಳಿಗೆ ಹೋತೋ, ನಮ್ಮ ಮಡ್ಡಿಗಂತೂ ಬರತಿದ್ದಿಲ್ಲ. ದಾರ ಮಾತ್ರ ಕೈ ಮ್ಯಾಲ ಕುಂತಿರತಿತ್ತು. ಹಳದಿ ಹೋಗಿ ಬೂದಿ ಬಣ್ಣ, ಬೂದಿ ಹೋಗಿ ಸಗಣಿ ಬಣ್ಣ, ಕಡಿಗೆ ಒಲಿ ಹೊಗಿಗೆ ಕರೀದ. ತಾನ ಹರದು ಬಿದ್ರ ತಪ್ಪಲ್ಲ ಅಂತ ಯಾರೋ ಹೇಳಿದ್ದಕ್ಕ, ನಾ ಪಾತ್ರಿ ತಿಕ್ಕುಮುಂದ ಉಸಕಿಲೆ ಮುಂಗೈನೂ ನಾಕ ಸಲ ಜಾಸ್ತಿ ತಿಕ್ಕತಿದ್ದೆ. ಅತ್ತಿ ನೋಡಿಯೂ ನೋಡದಂಗ ಇದ್ದು, ಮುಂದಿನ ವರ್ಷ ದಾರಾ ಎರಡೆಳಿ ಹೊಸದು ಕಟ್ಟಿದ್ಲು. ಹಂಗಿದ್ಲು ನಮ್ಮತ್ತಿ.

ಆವಾಗ ನನಗ ಒಂದ ಆಸರ ಇದ್ದದ್ದು ಅಧಿಕ ಮಾಸ. ಅಧಿಕ ಬಂದ ವರ್ಷ ಪಂಚಮಿ ಮುಂದಕ್ಕ ಹೋಗತೈತಿ, ಅಷ್ಟರಾಗ ಮುದುಕನ ಮಳಿ ಬಂದು ದಾರ ಬಿಚ್ಚಾಕ ಸಿಗತೈತಿ. ಮಂದಿ ಅಧಿಕ ಮಾಸದಾಗ ಅಳಿಯಗ ಏನ ಕೊಡಬೇಕು ಅಂತ ಚಿಂತಿ ಮಾಡತಿದ್ರ, ನಾ ಅಧಿಕ ಮಾಸ ಯಾಕ ವರ್ಷಾ ಬರಬಾರದು ಅಂತ ಚಿಂತಿ ಮಾಡತಿದ್ದೆ. ಉಳಿದ ವರ್ಷ ಅಣ್ಣ ಬರತಿದ್ದ, ನನ್ನ ಕೈ ನೋಡತಿದ್ದ, ಚಹಾ ಕುಡದು ಉಂಡಿ ಗಂಟ ಇಟ್ಟು ಒಬ್ಬನ ಹೊಳ್ಳಿ ಹೋಗತಿದ್ದ. ಮುಂದ ಮುಂದ ಪ್ರತಿ ವರ್ಷ ಹಂಗ ಆತು.

ಅಣ್ಣ ಅಲ್ಲಿ ಹೋಗಿ ಹೇಳಿದ್ರ ಅವ್ವಗ ನಂಬಿಗಿ ಇಲ್ಲ. ಆಕಿಗೆ ಎಲ್ಲಿಂದ ಬರಬೇಕು ನಂಬಿಗಿ. ಮನಿ ಹಿಂದ ಹೊಳಿ ಕೆಂಪಗ ತುಂಬಿ ಹರ್ಯಾಕತ್ತೈತಿ, ಘಾಟ ಮುಳಗ್ಯಾವು, ಅಲ್ಲಿ ಒಂದ ಹನಿ ಬಿದ್ದಿಲ್ಲ, ಇನ್ನೂ ಬಿತ್ತೇ ಇಲ್ಲ ಅಂದ್ರ ಯಾರ ಒಪ್ಪಬೇಕು. ಬೀಗತಿ ನೆವಾ ಹೇಳಾಕತ್ತಾಳ, ಮಗಳನ್ನ ದುಡಿಸಾಕ ಇಟಗೊಂಡಾಳ, ನನ್ನ ಮಗ ಬಾಯಿ ಸತ್ತಾಂವ, ಕೇಳಿ ಬರತಾನ ಅಂತ ಆಕಿ ಲೆಕ್ಕ. ಕಡಿಗೆ ಹಾರೂಗೇರಿ ಸಂತಿಗೆ ಬಂದ ಒಬ್ಬರ ಕೈಯಾಗ ನನಗ ಹೇಳಿ ಕಳಿಸಿದ್ಲು: ಈ ಪಂಚಮಿಗೂ ಬರಲಿಲ್ಲಂದ್ರ ನಾ ಇನ್ನ ಜೋಕಾಲಿ ಕಟ್ಟಂಗಿಲ್ಲ. ಖಾಲಿ ಜೋಕಾಲಿ ಗಾಳಿಗೆ ತೂಗೂದ ನೋಡಾಕ ನನ್ನಿಂದ ಆಗೂದಿಲ್ಲ.

ಅದನ್ನ ಕೇಳಿ ನಾ ಹಿತ್ತಲಕ್ಕ ಹೋಗಿ ಅತ್ತೆ. ಜೋಕಾಲಿ ಆಸೆಗೆ ಅಲ್ಲ, ನಾ ಎರಡ ಮಕ್ಕಳ ತಾಯಿ ಆಗಿದ್ದೆ ಆವಾಗ. ಜೋಕಾಲಿ ಕಟ್ಟೂದ ಬಿಟ್ರ ಅವ್ವ ನನ್ನ ಹಾದಿ ನೋಡೂದೂ ಬಿಟ್ಟಂಗ. ಹಾದಿ ನೋಡಾಕಿ ಇಲ್ಲದ ತವರು ತವರೇನ್ರಿ. ಆ ವರ್ಷ ಅಧಿಕ ಮಾಸ ಇರಲಿಲ್ಲ. ಮುದುಕನ ಮಳಿನೂ ಬಾರದ ಹೋತು. ದಾರ ಕರೀದಾಗಿ ಕೈಗೆ ಕಚ್ಚಿತ್ತು.

ಪಂಚಮಿ ಮುಂಚಿನ ದಿನಾ ಅಣ್ಣ ಬಂದ. ಅವನ ಹಿಂದ ಅವ್ವ. ಆಕಿ ಅಂಕಲಿ, ರಾಯಬಾಗ, ಹಾರೂಗೇರಿ ಅಂತ ಬಸ್ ಬದಲಿ ಮಾಡಿಕೋತ, ಒಂದ ಕೈಯಾಗ ಉಂಡಿ ಗಂಟ, ಇನ್ನೊಂದ ಕಂಕಳದಾಗ ಛತ್ರಿ ಇಟಗೊಂಡು ಬಂದಿದ್ಲು. ಯಡೂರಿಂದ ಬಿಡುಮುಂದ ಜಿಟಿಜಿಟಿ ಮಳಿ ಇತ್ತಂತ. ನಮ್ಮ ಊರ ಧೂಳದಾಗ ಛತ್ರಿ ಹಿಡಕೊಂಡು ನಡದು ಬರೂ ನಮ್ಮವ್ವನ್ನ ನೋಡಿ ಕಟ್ಟಿ ಮ್ಯಾಲ ಕುಂತವರು ನಕ್ರಂತ. ಆಕಿ ಯಾರನ್ನೂ ನೋಡಲಿಲ್ಲ. ಜಗಳಾ ಮಾಡಾಕಂತನ ಬಂದಾಕಿ, ದಾರಿಯುದ್ದಕ್ಕೂ ಮಾತ ಹೊಂದಿಸಿಕೊಂಡಿದ್ಲು ಅಂತ ಅಣ್ಣ ಆಮ್ಯಾಲ ಹೇಳಿದ.

ಅತ್ತಿ ನೀರ ಕೊಟ್ಲು, ಬೆಲ್ಲದ ಚಹಾ ಕೊಟ್ಲು. ಅವ್ವ ಚಹಾ ಮುಟ್ಟಲಿಲ್ಲ. ನಿಮ್ಮ ಹೊಲಾ ತೋರಸ್ರಿ ಬೀಗತಿ ಅಂದ್ಲು. ಅತ್ತಿ ಮಾರಿ ಗಂಟ ಹಾಕಿಕೊಂಡು, ಬರ್ರಿ ಅಂತ ಎದ್ಲು. ಇಬ್ಬರೂ ಮುಂದ, ನಾನೂ ಅಣ್ಣನೂ ಹಿಂದ. ಇವರಿಬ್ಬರ ಮಾತ ಒಮ್ಮಿ ಕೆಟ್ರ ನನಗ ಎರಡೂ ಮನಿ ಇಲ್ಲದಂಗ ಆಗತೈತಿ ಅಂತ ಹೆದರಿಕಿ.

ಹೊಲದಾಗ ಅವ್ವ ಸುತ್ತಲೂ ಕಣ್ಣ ಆಡಿಸಿದ್ಲು. ಹರಗಿ ಹದಾ ಮಾಡಿ ಇಟ್ಟ ನೆಲಾ, ಒಂದ ಹಸರ ಕಡ್ಡಿ ಇಲ್ಲ. ಆಕಿ ಬಗ್ಗಿ ಒಂದ ಹೆಂಟಿ ಎತ್ತಿ ಹಿಚುಕಿದ್ಲು. ಮಣ್ಣ ಹಿಟ್ಟಾಗಿ ಗಾಳಿಗೆ ಹೋತು. ಅಂಗೈ ನೋಡಿಕೊಂಡ್ಲು, ಮುಗಲ ನೋಡಿದ್ಲು, ನನ್ನ ಕೈಯಾಗಿನ ದಾರ ನೋಡಿದ್ಲು. ಆಮ್ಯಾಲ ಕಂಕಳದಾಗಿನ ಛತ್ರಿ ಬಿಚ್ಚಿ, ಬಿಸಲಿಗೆ ಕಣ್ಣ ಕಿರದು ಮಾಡಿ ನಿಂತಿದ್ದ ನಮ್ಮತ್ತಿ ತಲಿ ಮ್ಯಾಲ ಹಿಡದ್ಲು. ಅರ್ಧಾ ಅತ್ತಿಗೆ, ಅರ್ಧಾ ತನಗ. ಹಂಗ ಇಬ್ಬರೂ ಒಂದ ಛತ್ರಿ ಕೆಳಗ ನಿಂತ್ರು.

"ನಾ ತಪ್ಪ ತಿಳದಿದ್ನಿರಿ ಬೀಗತಿ," ಅಂದ್ಲು ಅವ್ವ. "ಹುಡುಗಿ ಇಲ್ಲೇ ಇರಲಿ. ಇಂಥಾ ನೆಲಾ ಬಿಟ್ಟ ಬಾ ಅಂತ ನಾ ಹೆಂಗ ಕರೀಲಿ."

ಮನಿಗೆ ಬಂದ್ವಿ. ಅವ್ವ ಆರಿದ ಚಹಾ ಕುಡದು, ಗಂಟ ನನ್ನ ಮುಂದ ಇಟ್ಟು, ಬಸ್ಸಿಗೆ ಹೊತ್ತಾತು ಅಂತ ಎದ್ಲು. ಆವಾಗ ಅತ್ತಿ ನನ್ನ ಕೈ ಹಿಡದು ಎಳದು ಕುಂದರಿಸಿದ್ಲು. ದಾರದ ಗಂಟ ಬಿಚ್ಚಾಕ ನೋಡಿದ್ಲು. ಹೊಗಿ ಕುಡದ ದಾರ ಬಿಚ್ಚಲಿಲ್ಲ, ಹಲ್ಲಿಲೆ ಹಿಡದು ಎಳದ್ಲು. ಬಿಚ್ಚಿದ ದಾರಾ ತನ್ನ ಬಲಗೈ ಮ್ಯಾಲ ಇಟಗೊಂಡು ಎಡಗೈಲೆ ಕಟಗೊಳ್ಳಾಕ ನೋಡಿದ್ಲು. ಒಂದ ಕೈಲೆ ಅದು ಎಲ್ಲಿ ಆಗಬೇಕು. ಜಾರಿ ಜಾರಿ ಬೀಳತಿತ್ತು. ಆಕಿ ಅವ್ವನ ಕಡೆ ಕೈ ಚಾಚಿದ್ಲು.

"ನೀವ ಕಟ್ರಿ," ಅಂದ್ಲು.

ನಮ್ಮಪ್ಪ ಇನ್ನೂ ಇದ್ದ; ಅವ್ವ ಕೈತುಂಬ ಹಸರ ಬಳಿ ಇಟ್ಟಾಕಿ. ಅತ್ತಿ ಕೈ ಬೋಳ. ಗಂಡ ಸತ್ತಾಕಿ ಕೈಗೆ ಅರಿಷಿಣದ ದಾರ ಕಟ್ಟೂದು ಅಂದ್ರ ಆ ಕಾಲಕ್ಕ ಆ ಊರಾಗ ಸಣ್ಣ ಮಾತಲ್ಲ. ಅವ್ವ ಒಂದ ಗಳಿಗಿ ಅತ್ತಿ ಮಾರಿ ನೋಡಿ, ಛತ್ರಿ ಕೆಳಗಿಟ್ಟು, ಎರಡೂ ಕೈಲೆ ದಾರ ಕಟ್ಟಿದ್ಲು. ಭಾಳ ಬಿಗಿ ಆತೇನ್ರಿ ಅಂತ ಕೇಳಿದ್ಲು. ಬಿಗಿನ ಇರಲಿ ಅಂದ್ಲು ಅತ್ತಿ. ಬಾಗಲದಾಗ ನಿಂತಿದ್ದ ನಮ್ಮ ಮನಿಯವರು ಬಾಯಿ ತೆರದಿದ್ದವರು ಅತ್ತಿ ಕಣ್ಣ ನೋ‌ಡಿ ಮುಚ್ಚಿಕೊಂಡ್ರು.

ಹಂಗ ನಾ ಮಕ್ಕಳನ್ನ ಕರಕೊಂಡು ಯಡೂರಿಗೆ ಹೋದೆ. ಪಂಚಮಿ ದಿನಾ ಬೇವಿನ ಗಿಡಕ್ಕ ಅವ್ವ ತಾನ ನಿಂತು ಜೋಕಾಲಿ ಕಟ್ಟಿಸಿದ್ಲು. ಎಷ್ಟೋ ವರ್ಷದ ಆಸೆ, ಕುಂತೆ, ಅಣ್ಣ ತೂಗಿದ. ಮ್ಯಾಲ ಹೋದಾಗೊಮ್ಮಿ ಹೊಳಿ ಕಾಣತಿತ್ತು, ಕಬ್ಬಿನ ಪಡಾ ಕಾಣತಿದ್ವು. ಹಗ್ಗಾ ಹಿಡದ ಮುಂಗೈ ಮ್ಯಾಲ ದಾರ ಇದ್ದ ಜಾಗಾ ಬೆಳ್ಳಗ ಉಳದಿತ್ತು. ಸಂಜಿ ಮುಂದ ಹೊಳಿ ಆಚಿಂದ ಕರೀ ಮಾಡ ಎದ್ದು ನಮ್ಮ ತಲಿ ದಾಟಿ ಮೂಡಣಕ್ಕ ಹೊಂಟ್ವು. ಮೂಡಣ ಅಂದ್ರ ಮುಗಳಖೋಡದ ದಿಕ್ಕು. ನಾ ಜೋಕಾಲಿ ನಿಂದರಸು ಅಂದೆ. ನನ್ನನ್ನ ನೋಡ್ರಿ, ವರ್ಷಗಟ್ಟಲೆ ಇಲ್ಲಿಗೆ ಬರಬೇಕಂತ ಅತ್ತಾಕಿ, ಬಂದ ಮ್ಯಾಲ ಮನಸು ಆ ಕಲ್ಲ ಹೊಲದಾಗ ಹೋಗಿ ಕುಂತಿತ್ತು. ನನ್ನ ಮಾರಿ ನೋಡಿದ ಅವ್ವ ಕೇಳಲೂ ಇಲ್ಲ, ಉಂಡಿ ಗಂಟ ಕಟ್ಟಾಕ ಒಳಗ ಹೋದ್ಲು.

ಮರುದಿನಾ ಮಧ್ಯಾಹ್ನ ಊರ ಮುಟ್ಟಿದೆ. ಮಳಿ ಚಲೋ ಹೊಡದಿತ್ತು. ಮಡ್ಡಿ ನೆಲಾ, ನೀರ ಲಗೂನ ಇಂಗಿ ಅಷ್ಟೊತ್ತಿಗೆ ಹದಕ್ಕ ಬಂದಿತ್ತು. ಮಕ್ಕಳನ್ನ ಮನಿಗೆ ಕಳಿಸಿ ನಾ ಸೀದಾ ಹೊಲಕ್ಕ ಹೋದೆ. ಮುಂದ ನಮ್ಮ ಮನಿಯವರು ಎತ್ತ ಹೊಡ್ಯಾಕತ್ತಾರ, ಹಿಂದ ಅತ್ತಿ. ಬದುವಿನ ಮ್ಯಾಲ ನಾಕ ಮಂದಿ ಹೆಣಮಕ್ಕಳು ನಿಂತು ಬಾಯಿಗೆ ಸೆರಗ ಹಚ್ಚಿ ಮಾತಾಡಾಕತ್ತಿದ್ರು. ಅತ್ತಿಗೆ ಅದು ಕೇಳಿಸಿದಂಗ ಇರಲಿಲ್ಲ. ಉಡಿ ತುಂಬಿ ಸಜ್ಜಿ, ಬೆನ್ನ ನೆಟ್ಟಗ, ಕೈ ಬಟ್ಟಲದ ಮ್ಯಾಲ. ಆ ಬೆರಳು ಮುಚ್ಚತಿದ್ವು, ತೆರೀತಿದ್ವು. ಅದ ಬೆರಳು. ವರ್ಷಾನುಗಟ್ಟಲೆ ಬದುವಿನ ಮ್ಯಾಲ ಗಾಳಿಯಾಗ ಮುಚ್ಚಿ ತೆಗದ ಬೆರಳು. ಆಕಿ ನನ್ನ ತಪ್ಪ ಎಣಸಾಕತ್ತಿದ್ದಿಲ್ಲ, ಬಿತ್ತಾಕತ್ತಿದ್ಲು ಅಂತ ನನಗ ಆವಾಗ ಹೊಳೀತು.

ಹೊಳದ್ರೂ ಬಾಯಿ ಸುಮ್ಮನಿರಬೇಕಲ್ಲ. ಓಡಿ ಹೋಗಿ, ಕೊಡ್ರಿ ಅತ್ತಿ, ನೀವು ದಣದೀರಿ, ನಾ ಬಿತ್ತತೀನಿ ಅಂತ ಬಟ್ಟಲಕ್ಕ ಕೈ ಹಾಕಿದೆ. ಆಕಿ ನನ್ನ ಕೈ ಸರಿಸಿದ್ಲು.

"ಕೈ ಬದಲಿ ಮಾಡಬಾರದು, ಗೊತ್ತಿಲ್ಲೇನ ನಿನಗ? ಹೋಗು, ರೊಟ್ಟಿ ಬಡಿ."

ಅಷ್ಟ ಅಂದು ಮುಂದ ನಡದ್ಲು. ನಾನೂ ಮಗ್ಗಲಿಗೆ ನಡದೆ. ಸಾಲ ನೋಡಿದೆ, ಸೂತ ಹಿಡದಂಗ ಇದ್ವು. ಗಂಟ ಬಿಚ್ಚಿ ಅವ್ವನ ಶೇಂಗಾ ಉಂಡಿ ಒಂದ ತಗದೆ. ಆಕಿ ಕೈತುಂಬ ಬೀಜಾ, ಅದಕ್ಕ ನಾನ ಬಾಯಾಗ ಇಟ್ಟೆ. ಬ್ಯಾಡ ಅನ್ನಲಿಲ್ಲ. ಅಗಿಯಾಕ ಹಲ್ಲ ಹೊಂದಿಸಿಕೋತ, ಮುಂದಿನ ವರ್ಷದಿಂದ ಮಿರಗಕ್ಕ ದಾರ ಕಟ್ಟೂದ ಬ್ಯಾಡ, ಮಳಿ ಬಂದ ಮ್ಯಾಲ ಕಟ್ಟೂನು ಅಂದ್ಲು. ಪಂಚಾಂಗದ ಮಾತ ಮೀರದಾಕಿ ಬಾಯಾಗಿಂದ ಈ ಮಾತ ಬಂದದ್ದು ನಾ ಕಿವಿಯಾರೆ ಕೇಳೀನಿ. ಯಾರ ಕೈಗ್ರಿ ಅತ್ತಿ, ಅಂತ ಕೇಳಿದೆ. ಆಕಿ ಉಂಡಿ ಅಗಕೋತ ಎತ್ತಿನ ಹಿಂದ ನಡದ್ಲು.

ಮುಂದಿನ ವರ್ಷ ಮಿರಗ ಹೋತು, ಆರಿದ್ರಾ ಹೋತು, ದಾರ ಬಟ್ಟಲದ ಕೊಳ್ಳಿಗೇ ಇತ್ತು. ಹರೇದವನ ಮಳಿ ಕಡೀ ಕಡೀಗೆ ಒಂದ ಮುಂಜಾನೆ ಬಂತು. ನಾ ಒಲಿ ಬಿಟ್ಟು ಸೆರಗ ಸಿಗಿಸಿಕೋತ ಅಂಗಳಕ್ಕ ಬಂದೆ. ನನಗಿಂತ ಮೊದಲ ಅತ್ತಿ ಅಲ್ಲಿ ಬಂದು ನಿಂತಿದ್ಲು, ಬಟ್ಟಲಾ ಕಂಕಳದಾಗ ಇಟಗೊಂಡು, ಎಡಗೈಯಾಗ ದಾರ ಹಿಡದು, ಬಲಗೈ ನನ್ನ ಮುಂದ ಚಾಚಿ.